ಉಪವಾಸಕ್ಕೆ ಹಾರ, ಊನೋದರಕ್ಕೆ ಮೌನ

ಬಾಹ್ಯ ತಪಸ್ಸು ಆರು ವಿಧವೆಂದು ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಎಣಿಸಿದ್ದಾರೆ. ಅನಶನ, ಅವಮೌದರ್ಯ, ವೃತ್ತಿಪರಿಸಂಖ್ಯಾನ, ರಸಪರಿತ್ಯಾಗ, ವಿವಿಕ್ತಶಯ್ಯಾಸನ ಮತ್ತು ಕಾಯಕ್ಲೇಶ ಎಂಬುವೇ ಆ ಆರು. ಇವುಗಳಲ್ಲಿ ಮೊದಲ ನಾಲ್ಕೂ ಆಹಾರಕ್ಕೆ ಸಂಬಂಧಪಟ್ಟವು. ಉಣ್ಣದೆ ಇರುವುದು ಮೊದಲನೆಯದು. ಹಸಿವು ಪೂರ್ತಿ ತೀರುವ ಮೊದಲೇ ಕೈ ತೊಳೆಯುವುದು ಎರಡನೆಯದು. ದೊರೆಯುವ ಆಹಾರಕ್ಕೆ ತಾನೇ ಮಿತಿ ಹಾಕಿಕೊಳ್ಳುವುದು ಮೂರನೆಯದು. ನಾಲಗೆ ಬೇಡುವ ರಸಗಳನ್ನು ಬಿಡುವುದು ನಾಲ್ಕನೆಯದು. ಆಚಾರ್ಯರು ನಾಲ್ಕನ್ನೂ ಒಂದೇ ಸಾಲಿನಲ್ಲಿ ಕೂರಿಸಿದರು. ಇಂದಿನ ಸಮಾಜವಾದರೋ ಮೊದಲನೆಯದನ್ನು ಪಲ್ಲಕ್ಕಿಯಲ್ಲಿ ಕೂರಿಸಿ, ಉಳಿದ ಮೂರನ್ನು ಬಸದಿಯ ಹೊರಗೆ ನಿಲ್ಲಿಸಿದೆ.

ದಶಲಕ್ಷಣ ಪರ್ವ ಮುಗಿದ ಮರುದಿನ ಹಲವು ಊರುಗಳಲ್ಲಿ ಕಾಣುವ ದೃಶ್ಯ ಎಲ್ಲರಿಗೂ ಪರಿಚಿತವಾದುದೇ. ಹತ್ತು ದಿನ ಉಪವಾಸ ಮಾಡಿದವರನ್ನು ಮೆರವಣಿಗೆಯಲ್ಲಿ ಕರೆತರಲಾಗುತ್ತದೆ. ಶಾಲು, ಹಾರ, ಫಲಕ, ರಸ್ತೆಯ ತಿರುವಿನಲ್ಲಿ ಆಳೆತ್ತರದ ಭಾವಚಿತ್ರ. ಬಳಿಕ ಸಾಮೂಹಿಕ ಪಾರಣೆ. ಎಲೆಯ ಮೇಲೆ ಎರಡು ಬಗೆಯ ಸಿಹಿ, ಮೂರು ಬಗೆಯ ಕರಿದ ಪದಾರ್ಥ, ತುಪ್ಪ ಸುರಿದ ಹೋಳಿಗೆ. ‘ಇನ್ನೊಂದು ಹಾಕಿಸಿಕೊಳ್ಳಿ’ ಎಂಬ ಬಲವಂತ. ಉಪವಾಸ ಮಾಡಿದವರು ಹತ್ತೇ ಮಂದಿ; ಉಂಡವರು ಐದು ನೂರು. ಉಪವಾಸ ಮಾಡದವರೂ ಪಾರಣೆ ಮಾಡುವ ಏಕೈಕ ಸಮಾಜವೆಂಬ ಕೀರ್ತಿ ಜೈನರಿಗೆ ಸಲ್ಲಬೇಕೆ?

ಆ ಐದು ನೂರು ಮಂದಿಯಲ್ಲಿ ಎಷ್ಟು ಮಂದಿ ಕೈ ತೊಳೆದ ಕೂಡಲೇ ಜೇಬಿನಿಂದ ಸಕ್ಕರೆ ಕಾಯಿಲೆಯ ಮಾತ್ರೆ ತೆಗೆಯುತ್ತಾರೆಂಬುದನ್ನು ವ್ಯವಸ್ಥಾಪಕರು ಎಂದಾದರೂ ಗಮನಿಸಿದ್ದಾರೆಯೇ? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ದೇಶದ ಎಲ್ಲ ರಾಜ್ಯಗಳಲ್ಲಿ ನಡೆದ ದೊಡ್ಡ ಸಮೀಕ್ಷೆಯೊಂದರ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ಭಾರತದ ವಯಸ್ಕರಲ್ಲಿ ಶೇಕಡಾ 11.4 ಮಂದಿಗೆ ಮಧುಮೇಹವಿದೆ. ಇನ್ನೂ ಶೇಕಡಾ 15.3 ಮಂದಿ ಅದರ ಹೊಸ್ತಿಲಲ್ಲಿದ್ದಾರೆ, ಶೇಕಡಾ 35.5 ಮಂದಿಗೆ ರಕ್ತದೊತ್ತಡ ಹೆಚ್ಚಾಗಿದೆ. ಈ ಲೆಕ್ಕ ಯಾವ ಒಂದು ಮತದವರದೂ ಅಲ್ಲ. ಆದರೆ ವ್ಯಾಪಾರದ ಗದ್ದುಗೆಯ ಮೇಲೋ ಕಚೇರಿಯ ಕುರ್ಚಿಯ ಮೇಲೋ ದಿನವಿಡೀ ಕುಳಿತು, ಮನೆಗೆ ಬಂದು ಅಕ್ಕಿ, ಮೈದಾ, ಸಕ್ಕರೆ, ಎಣ್ಣೆಗಳನ್ನೇ ಉಣ್ಣುವ ಕುಟುಂಬಗಳು ಈ ಲೆಕ್ಕದ ಹೊರಗಿರಲು ಕಾರಣವೇ ಇಲ್ಲ.

ಮಾಂಸ ಮುಟ್ಟದವರಿಗೆ ಇಂಥ ರೋಗಗಳು ಬಾರವೆಂಬ ನಂಬಿಕೆಯೊಂದು ಮನೆಮನೆಗಳಲ್ಲಿ ಬೇರೂರಿದೆ. ಅಹಿಂಸೆಯ ಆಹಾರ ಶ್ರೇಷ್ಠವೆಂಬುದರಲ್ಲಿ ಸಂಶಯವಿಲ್ಲ. ಪ್ರಾಣಿಯ ಜೀವ ಉಳಿಸುವ ಕಾರಣಕ್ಕೆ ಅದು ಶ್ರೇಷ್ಠ. ಉಣ್ಣುವವನ ಮೇದೋಜೀರಕ ಗ್ರಂಥಿಯನ್ನು ಅದು ತಾನಾಗಿಯೇ ಕಾಯುತ್ತದೆಂದು ಯಾವ ಶಾಸ್ತ್ರವೂ ಹೇಳಿಲ್ಲ, ಯಾವ ವೈದ್ಯನೂ ಹೇಳಿಲ್ಲ. ಸಕ್ಕರೆಯೂ ಸಸ್ಯಾಹಾರ, ಮೈದಾವೂ ಸಸ್ಯಾಹಾರ, ವನಸ್ಪತಿಯೂ ಸಸ್ಯಾಹಾರ. ಇವುಗಳ ಭಾರದಿಂದ ಬಳಲುವ ದೇಹಕ್ಕೆ ಸಸ್ಯಾಹಾರಿಯೆಂಬ ಬಿರುದು ಯಾವ ಔಷಧವೂ ಆಗದು.

ಈ ಭ್ರಮೆಯನ್ನು ಮಾರುಕಟ್ಟೆ ಚೆನ್ನಾಗಿ ಅರಿತುಕೊಂಡಿದೆ. ಜೈನ ಚಿವಡಾ, ಜೈನ ಮಿಕ್ಸ್ಚರ್, ಜೈನ ಪಿಜ್ಜಾ, ಜೈನ ಪಾವ್ ಭಾಜಿ! ಪೊಟ್ಟಣದ ಮೇಲೆ ‘ಜೈನ’ ಎಂಬ ಶಬ್ದವಿದ್ದರೆ ಸಾಕು, ಶ್ರಾವಕನ ಅಂತಃಕರಣ ನಿರುಮ್ಮಳವಾಗುತ್ತದೆ. ಆ ಶಬ್ದ ಹೇಳುವುದು ಇಷ್ಟೇ: ಇದರಲ್ಲಿ ಈರುಳ್ಳಿ ಇಲ್ಲ, ಬೆಳ್ಳುಳ್ಳಿ ಇಲ್ಲ, ಆಲೂಗಡ್ಡೆ ಇಲ್ಲ. ಎಷ್ಟು ಎಣ್ಣೆ ಇದೆ, ಎಷ್ಟು ಉಪ್ಪು ಇದೆ, ಎಷ್ಟು ಸಾರಿ ಕಾಯ್ದ ಎಣ್ಣೆಯಲ್ಲಿ ಕರಿದದ್ದು ಎಂಬುದನ್ನು ಅದು ಹೇಳುವುದಿಲ್ಲ. ಆಲೂಗಡ್ಡೆಯನ್ನು ಬಿಟ್ಟು ಬಾಳೆಕಾಯಿಯನ್ನು ಅದೇ ಎಣ್ಣೆಯಲ್ಲಿ ಮುಳುಗಿಸಿ, ಆಲೂಗಡ್ಡೆಗಿಂತ ಇಮ್ಮಡಿ ತಿಂದವನು ಕಂದಮೂಲತ್ಯಾಗವನ್ನು ಪಾಲಿಸಿರಬಹುದು. ರಸಪರಿತ್ಯಾಗದ ಗಂಧವೂ ಅವನಿಗೆ ಸೋಕಿಲ್ಲ.

ರಸಪರಿತ್ಯಾಗವೆಂದರೇನು? ಹಾಲು, ಮೊಸರು, ತುಪ್ಪ, ಎಣ್ಣೆ, ಬೆಲ್ಲ ಅಥವಾ ಸಕ್ಕರೆ, ಉಪ್ಪು ಈ ಆರು ರಸಗಳಲ್ಲಿ ಎಲ್ಲವನ್ನೋ ಕೆಲವನ್ನೋ ಬಿಡುವುದು. ವಾರದ ಒಂದೊಂದು ದಿನ ಒಂದೊಂದು ರಸವನ್ನು ಬಿಡುವ, ಭಾನುವಾರ ಉಪ್ಪಿಲ್ಲದೆ, ಶನಿವಾರ ಎಣ್ಣೆಯಿಲ್ಲದೆ ಉಣ್ಣುವ ಪದ್ಧತಿ ಹಿಂದಿನ ತಲೆಮಾರಿನ ಎಷ್ಟೋ ಶ್ರಾವಿಕೆಯರಿಗೆ ಸಹಜವಾಗಿತ್ತು. ವಿಶ್ವ ಆರೋಗ್ಯ ಸಂಸ್ಥೆ 2012ರಲ್ಲಿ ಉಪ್ಪನ್ನು ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಮಾಡಬೇಕೆಂದಿತು. 2015ರಲ್ಲಿ, ಸೇರಿಸಿದ ಸಕ್ಕರೆಯಿಂದ ಬರುವ ಶಕ್ತಿ ಒಟ್ಟು ಆಹಾರದ ಹತ್ತನೆಯ ಒಂದು ಪಾಲಿಗಿಂತ ಕೆಳಗಿರಬೇಕು, ಸಾಧ್ಯವಾದರೆ ಇಪ್ಪತ್ತನೆಯ ಒಂದು ಪಾಲಿಗಿಂತಲೂ ಕೆಳಗಿರಬೇಕು ಎಂದಿತು. ದಿನಕ್ಕೆ 2000 ಕ್ಯಾಲೊರಿ ಉಣ್ಣುವವನಿಗೆ ಇದು ಕ್ರಮವಾಗಿ 50 ಗ್ರಾಂ ಮತ್ತು 25 ಗ್ರಾಂ ಸಕ್ಕರೆ. ಪಾರಣೆಯ ಎಲೆಯಲ್ಲಿ ಒಂದು ಹೊತ್ತಿಗೆ ಬೀಳುವ ಸಿಹಿ ಈ ಎರಡು ಗೆರೆಗಳನ್ನೂ ದಾಟಬಲ್ಲುದು. ಉಪ್ಪು, ಸಕ್ಕರೆ, ಕೊಬ್ಬುಗಳನ್ನು ಹಿಡಿತದಲ್ಲಿಡಿರೆಂದು ವೈದ್ಯರು ಚೀಟಿಯಲ್ಲಿ ಬರೆದುಕೊಟ್ಟಾಗ ಐದುನೂರು ರೂಪಾಯಿ ಕೊಟ್ಟು ಕೇಳುವ ಶ್ರಾವಕ, ಅದೇ ಮಾತನ್ನು ಧರ್ಮ ಉಚಿತವಾಗಿ ಹೇಳಿದಾಗ ಕಿವಿ ಮುಚ್ಚಿಕೊಂಡದ್ದೇಕೆ?

ಇನ್ನು ಅವಮೌದರ್ಯ. ಊನ ಉದರ, ಅಂದರೆ ತುಂಬದ ಹೊಟ್ಟೆ. ಪುರುಷನ ಪೂರ್ಣ ಆಹಾರ ಮೂವತ್ತೆರಡು ತುತ್ತು, ಸ್ತ್ರೀಯದು ಇಪ್ಪತ್ತೆಂಟು ತುತ್ತು ಎಂದು ಆಚಾರಗ್ರಂಥಗಳು ಅಳತೆ ಹೇಳುತ್ತವೆ. ಅದರಲ್ಲಿ ಒಂದು ತುತ್ತು ಕಡಿಮೆ ಉಂಡರೂ ಅವಮೌದರ್ಯವೇ. ಹೀಗೆ ಕಡಿಮೆ ಮಾಡುತ್ತ ಒಂದು ತುತ್ತಿನವರೆಗೆ ಇಳಿಯಬಹುದು. ಈ ಅಳತೆಯ ಔದಾರ್ಯವನ್ನು ಗಮನಿಸಬೇಕು. ಇಲ್ಲಿ ಮುದುಕನಿಗೂ ಅವಕಾಶವಿದೆ, ಬಸುರಿಗೂ ಅವಕಾಶವಿದೆ, ರೋಗಿಗೂ ಅವಕಾಶವಿದೆ. ತಮಗೆ ಬೇಕಾದ ಪೋಷಣೆಯನ್ನು ಉಳಿಸಿಕೊಂಡೇ ಅವರು ಆಸೆಯ ಒಂದು ತುತ್ತನ್ನು ಬಿಡಬಹುದು. ವರ್ಷದ ಹತ್ತು ದಿನಕ್ಕೆ ಮಾತ್ರ ಸೀಮಿತವಾಗದೆ ದಿನದಿನವೂ ನಡೆಯಬಲ್ಲ ತಪಸ್ಸು ಇದು. ಆದರೆ ಇದಕ್ಕೆ ಸಾಕ್ಷಿಗಳಿಲ್ಲ. ಮೂವತ್ತೊಂದನೆಯ ತುತ್ತಿಗೆ ನಿಲ್ಲಿಸಿದವನನ್ನು ಯಾರು ಮೆರವಣಿಗೆ ಮಾಡುತ್ತಾರೆ? ಮೆರವಣಿಗೆ ಇಲ್ಲದ್ದರಿಂದಲೇ ಈ ತಪಸ್ಸು ಮರೆಯಾಯಿತೆಂದರೆ ಆ ಮಾತು ಕಠಿನವಾಗಿ ತೋರಬಹುದು, ಸುಳ್ಳಾಗದು.

ಪರ್ವದಿನಗಳಲ್ಲಿ ಹಸಿರು ಕಾಯಿಪಲ್ಲೆಯನ್ನು ಬಿಡುವ ಆಚಾರವನ್ನೂ ಇಲ್ಲಿ ವಿಚಾರಿಸಬೇಕು. ಜೀವದಯೆಯ ದೃಷ್ಟಿಯಿಂದ ಹುಟ್ಟಿದ ಆಚಾರವದು, ಗೌರವಕ್ಕೆ ಅರ್ಹವಾದುದು. ಆದರೆ ಹಸಿರು ಬಿಟ್ಟ ಜಾಗವನ್ನು ತುಂಬಿದ್ದು ಯಾವುದು? ಹೆಸರುಕಾಳು, ಕಡಲೆ, ಹುರುಳಿಗಳ ಸರಳ ಪಲ್ಯ ತುಂಬಿದ್ದರೆ ದೇಹಕ್ಕೂ ವ್ರತಕ್ಕೂ ಮೇಲಾಗುತ್ತಿತ್ತು. ಅನೇಕ ಅಡುಗೆಮನೆಗಳಲ್ಲಿ ಆ ಜಾಗವನ್ನು ಸೇವು, ಗಾಂಠಿಯಾ, ಪೂರಿ, ಹಪ್ಪಳ, ಕಡಲೆಹಿಟ್ಟಿನ ಕರಿದ ತಿನಿಸುಗಳು ತುಂಬಿವೆ. ತ್ಯಾಗದ ದಿನದ ಎಣ್ಣೆಯ ಖರ್ಚು ಭೋಗದ ದಿನದ ಖರ್ಚನ್ನು ಮೀರಿದರೆ ಅದನ್ನು ಯಾವ ಹೆಸರಿನಿಂದ ಕರೆಯಬೇಕು?

ಸೂರ್ಯಾಸ್ತದೊಳಗೆ ಉಣ್ಣುವ ಅನಸ್ತಮಿತ ವ್ರತದ ವಿಷಯದಲ್ಲಿ ಇತ್ತೀಚೆಗೆ ಹೊಸದೊಂದು ಹೆಮ್ಮೆ ಹುಟ್ಟಿಕೊಂಡಿದೆ. ವಿಜ್ಞಾನವೇ ಜೈನರ ನಿಯಮವನ್ನು ಒಪ್ಪಿತೆಂದು ಭಾಷಣಗಳಲ್ಲಿ ಸಾರಲಾಗುತ್ತಿದೆ. ಹಗಲಿನ ಮೊದಲ ಭಾಗದಲ್ಲೇ ಉಣ್ಣುವುದರಿಂದ ದೇಹ ಇನ್ಸುಲಿನ್ನಿಗೆ ಚೆನ್ನಾಗಿ ಸ್ಪಂದಿಸುತ್ತದೆಂದು 2018ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವೊಂದು ತೋರಿಸಿದ್ದು ನಿಜ. ಅದರಲ್ಲಿ ಭಾಗವಹಿಸಿದವರು ಮಧುಮೇಹದ ಹೊಸ್ತಿಲಲ್ಲಿದ್ದ ಎಂಟೇ ಪುರುಷರು. ಅವರು ದಿನದ ಕೊನೆಯ ಊಟವನ್ನು ಮಧ್ಯಾಹ್ನ 3 ಗಂಟೆಯೊಳಗೆ ಮುಗಿಸುತ್ತಿದ್ದರು. ಶುಭಸೂಚನೆಯೇ ಹೌದು, ವಿಜಯಪತಾಕೆ ಹಾರಿಸುವಷ್ಟು ದೊಡ್ಡ ಪುರಾವೆಯಲ್ಲ. ಅದೂ ಅಲ್ಲದೆ, ಸೂರ್ಯ ಮುಳುಗುವುದಕ್ಕೆ ಹತ್ತು ನಿಮಿಷವಿರುವಾಗ ಅವಸರದಿಂದ ಎರಡು ಹೊತ್ತಿನ ಊಟವನ್ನು ಒಂದೇ ಹೊತ್ತಿಗೆ ತುಂಬಿಕೊಂಡು, ಆಮೇಲೆ ಮಲಗುವವರೆಗೂ ದೂರದರ್ಶನದ ಮುಂದೆ ಕದಲದೆ ಕೂರುವವನಿಗೆ ಆ ಪ್ರಯೋಗ ಯಾವ ಅಭಯವನ್ನೂ ಕೊಟ್ಟಿಲ್ಲ. ಗಡಿಯಾರವನ್ನು ಪಾಲಿಸಿ ಹೊಟ್ಟೆಯನ್ನು ಪಾಲಿಸದವನು ವ್ರತದ ಅರ್ಧವನ್ನು ಮಾತ್ರ ಓದಿದ್ದಾನೆ.

ನಡಿಗೆಯ ಮಾತೂ ಅಷ್ಟೇ. ಮುನಿಗಳು ಊರಿಂದೂರಿಗೆ ಬರಿಗಾಲಲ್ಲಿ ವಿಹರಿಸುತ್ತಾರೆ. ಅವರನ್ನು ಬೀಳ್ಕೊಡಲು ಬಂದ ಶ್ರಾವಕರು ಭಾವಚಿತ್ರ ಮುಗಿಯುವ ತನಕ ನೂರು ಹೆಜ್ಜೆ ನಡೆದು, ಬಳಿಕ ಹಿಂದೆ ಬರುತ್ತಿರುವ ಕಾರು ಹತ್ತುತ್ತಾರೆ. ವಯಸ್ಕರು ವಾರಕ್ಕೆ ಕನಿಷ್ಠ 150 ನಿಮಿಷವಾದರೂ ಚುರುಕಾಗಿ ನಡೆಯುವಂಥ ಶ್ರಮ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ದಿನಕ್ಕೆ ಇಪ್ಪತ್ತೆರಡು ನಿಮಿಷವಾಯಿತು. ಮನೆಯಿಂದ ಬಸದಿಗೆ ನಡೆದು ಹೋಗಿ ಬರಲು ಹಲವರಿಗೆ ಹಿಡಿಯುವ ಸಮಯ ಹೆಚ್ಚುಕಡಿಮೆ ಅಷ್ಟೇ!

ದೀರ್ಘ ಉಪವಾಸದ ವಿಷಯ ಇವೆಲ್ಲಕ್ಕಿಂತ ಗಂಭೀರವಾದುದು. ಉಪವಾಸದ ಮೊದಲ ದಿನದ ಆಸುಪಾಸಿನಲ್ಲಿ ಯಕೃತ್ತಿನಲ್ಲಿ ಸಂಗ್ರಹವಾಗಿದ್ದ ಸಕ್ಕರೆ ಮುಗಿಯುತ್ತದೆ. ಅಲ್ಲಿಂದ ಮುಂದೆ ದೇಹ ತನ್ನ ಕೊಬ್ಬನ್ನೂ, ಸ್ವಲ್ಪಮಟ್ಟಿಗೆ ಮಾಂಸಖಂಡವನ್ನೂ ಕರಗಿಸಿಕೊಂಡು ಬಾಳುತ್ತದೆ. ಹಲವು ದಿನಗಳ ನಂತರ ಒಮ್ಮೆಗೇ ಸಿಹಿಯೂ ಅನ್ನವೂ ಹೊಟ್ಟೆಗೆ ಬಿದ್ದರೆ ಇನ್ಸುಲಿನ್ ಉಕ್ಕಿ, ರಕ್ತದಲ್ಲಿರುವ ಫಾಸ್ಫೇಟ್, ಪೊಟ್ಯಾಸಿಯಂ, ಮೆಗ್ನೀಸಿಯಂ ಲವಣಗಳು ಜೀವಕೋಶಗಳ ಒಳಗೆ ಸೆಳೆಯಲ್ಪಡುತ್ತವೆ. ರಕ್ತದಲ್ಲಿ ಅವು ಕುಸಿದಾಗ ಹೃದಯದ ಲಯ ತಪ್ಪಬಹುದು. ಎರಡನೆಯ ಮಹಾಯುದ್ಧದ ಕೊನೆಯಲ್ಲಿ ಸೆರೆಯಿಂದ ಹೊರಬಂದ, ಹಸಿದು ಕಂಗಾಲಾಗಿದ್ದ ಯುದ್ಧಕೈದಿಗಳಲ್ಲಿ ಕೆಲವರು ಹೊಟ್ಟೆತುಂಬ ಊಟ ದೊರೆತ ಮೇಲೆಯೇ ಮೃತಪಟ್ಟದ್ದು ವೈದ್ಯಲೋಕಕ್ಕೆ ಈ ಪಾಠವನ್ನು ಕಲಿಸಿತು. ಐದು ದಿನಕ್ಕಿಂತ ಹೆಚ್ಚು ಕಾಲ ಏನನ್ನೂ ತಿನ್ನದವರಿಗೆ ಮೊದಲ ಎರಡು ದಿನ ಅಗತ್ಯದ ಅರ್ಧಕ್ಕಿಂತ ಹೆಚ್ಚು ಆಹಾರ ಕೊಡಬಾರದೆಂದು ಬ್ರಿಟನ್ನಿನ ವೈದ್ಯಕೀಯ ಮಾರ್ಗಸೂಚಿ 2006ರಲ್ಲಿ ವಿಧಿಸಿತು. ಗಂಜಿಯ ತಿಳಿ, ಹೆಸರುಬೇಳೆಯ ಕಟ್ಟುಗಳಿಂದ ಪಾರಣೆ ಮಾಡಿಸುತ್ತಿದ್ದ ಅಜ್ಜಿಯರಿಗೆ ಫಾಸ್ಫೇಟಿನ ಹೆಸರು ಗೊತ್ತಿರಲಿಲ್ಲ. ಆದರೂ ಹೋಳಿಗೆಯಿಂದ ಪಾರಣೆ ಮಾಡಿಸುವ ಇಂದಿನ ವಿದ್ಯಾವಂತ ಸಮಿತಿಗಿಂತ ಅವರು ಹೆಚ್ಚು ಬಲ್ಲವರಾಗಿದ್ದರು.

ಆದಿನಾಥ ತೀರ್ಥಂಕರರು ದೀರ್ಘಕಾಲದ ನಿರಾಹಾರದ ಬಳಿಕ ಹಸ್ತಿನಾಪುರದಲ್ಲಿ ಶ್ರೇಯಾಂಸನಿಂದ ಇಕ್ಷುರಸವನ್ನೇ ಸ್ವೀಕರಿಸಲಿಲ್ಲವೇ ಎಂದು ಸಿಹಿಯ ಪಕ್ಷದವರು ಕೇಳುವುದುಂಟು. ಸ್ವೀಕರಿಸಿದ್ದು ಕರಪಾತ್ರದಲ್ಲಿ, ಎಂಬುದನ್ನು ಅವರು ಮರೆಯುತ್ತಾರೆ. ಎರಡು ಅಂಗೈಗಳ ಬೊಗಸೆಯಲ್ಲಿ ಹಿಡಿಸುವಷ್ಟಕ್ಕೂ ಎರಡು ಅಡಿ ಉದ್ದದ ಬಾಳೆಯೆಲೆಗೂ ಅಂತರವಿದೆ.

ಮಧುಮೇಹಿಗಳು ಉಪವಾಸಕ್ಕೆ ಕೂರುವ ವಿಚಾರದಲ್ಲಂತೂ ಮೌನ ಅಪರಾಧಕ್ಕೆ ಸಮೀಪವಾದುದು. ಇನ್ಸುಲಿನ್ನನ್ನೋ ಗ್ಲಿಮೆಪಿರೈಡಿನಂಥ ಮಾತ್ರೆಯನ್ನೋ ತೆಗೆದುಕೊಂಡು ಉಣ್ಣದಿದ್ದರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿದು ಪ್ರಜ್ಞೆ ತಪ್ಪಬಹುದು. ಉಪವಾಸವೆಂದು ಇನ್ಸುಲಿನ್ನನ್ನು ತಾವೇ ನಿಲ್ಲಿಸಿದರೆ ಬೇರೊಂದು ಬಗೆಯ ಪ್ರಾಣಾಪಾಯ. ನೀರನ್ನೂ ಬಿಡುವ ಉಪವಾಸದಲ್ಲಿ ಮೂತ್ರ ಹೆಚ್ಚಿಸುವ ರಕ್ತದೊತ್ತಡದ ಮಾತ್ರೆ ನುಂಗಿದರೆ ಮೂತ್ರಪಿಂಡಕ್ಕೆ ಕೇಡು. ಪ್ರತ್ಯಾಖ್ಯಾನಕ್ಕೆ ಮೊದಲು ಗುರುವಿನ ಅನುಮತಿ ಪಡೆಯುವ ಶ್ರಾವಕನು ವೈದ್ಯನ ಸಲಹೆಯನ್ನೂ ಪಡೆದರೆ ಯಾವ ಧರ್ಮಕ್ಕೂ ಚ್ಯುತಿ ಬಾರದು. ಬೆಳೆಯುವ ಮಕ್ಕಳನ್ನು ದೀರ್ಘ ಉಪವಾಸಕ್ಕೆ ಹುರಿದುಂಬಿಸಿ, ‘ಬಾಲ ತಪಸ್ವಿ’ ಎಂದು ವೇದಿಕೆಗೆ ಏರಿಸುವುದಂತೂ ಖಂಡನೀಯ. ಮಗು ಹಸಿದದ್ದು ಕರ್ಮನಿರ್ಜರೆಗೋ, ತಂದೆತಾಯಿಯರ ಪ್ರತಿಷ್ಠೆಗೋ?

‘ತಪಸ್ಸು ಇರುವುದು ಕರ್ಮನಿರ್ಜರೆಗೆ, ದೇಹಾರೋಗ್ಯದ ಲೆಕ್ಕ ಹಾಕಿದರೆ ಅದು ತಪಸ್ಸೇ ಅಲ್ಲ’ ಎಂದು ಕೆಲವು ಹಿರಿಯರು ಆಕ್ಷೇಪಿಸುವುದು ಸಹಜ. ಈ ಆಕ್ಷೇಪದಲ್ಲಿ ಸತ್ಯವಿದೆ. ತೂಕ ಇಳಿಸಲೆಂದು ಬಿಟ್ಟ ಊಟ ತಪಸ್ಸಲ್ಲ. ಆದರೆ ಅದೇ ನ್ಯಾಯದಿಂದ, ಹಾರಕ್ಕಾಗಿ ಬಿಟ್ಟ ಊಟವೂ ತಪಸ್ಸಲ್ಲ. ತೀರ್ಥಂಕರತ್ವಕ್ಕೆ ಕಾರಣವಾಗುವ ಷೋಡಶ ಭಾವನೆಗಳಲ್ಲಿ ‘ಶಕ್ತಿತಸ್ತಪ’ ಎಂಬುದೊಂದಿದೆ. ಶಕ್ತಿಗೆ ತಕ್ಕಂತೆ ತಪಸ್ಸು ಎಂದೇ ಅದರ ಅರ್ಥ. ಶಕ್ತಿಯನ್ನು ಬಚ್ಚಿಡಬಾರದು, ಶಕ್ತಿಯನ್ನು ಮೀರಲೂ ಬಾರದು. ಶಕ್ತಿ ಎಷ್ಟೆಂದು ತಿಳಿಯದವನು ಶಕ್ತಿಗೆ ತಕ್ಕ ತಪಸ್ಸನ್ನು ಹೇಗೆ ಮಾಡಿಯಾನು? ರಕ್ತಪರೀಕ್ಷೆಯ ಚೀಟಿ ಇಂದಿನ ಶ್ರಾವಕನಿಗೆ ಆತನ ಶಕ್ತಿಯನ್ನು ಹೇಳುವ ಪತ್ರ. ಅದನ್ನು ಓದುವುದು ದೇಹಮೋಹವಾಗದು, ವಿವೇಕವಾದೀತು. ನರಜನ್ಮ ದುರ್ಲಭವೆಂದು ದಿನವೂ ಭಾವಿಸುವವನು ಆ ಜನ್ಮದ ಸಾಧನವಾದ ದೇಹವನ್ನು ನಾಲಗೆಯ ಚಾಪಲ್ಯಕ್ಕೆ ಬಲಿಕೊಟ್ಟರೆ ಅದೂ ಒಂದು ಬಗೆಯ ಪ್ರಮಾದವೇ.

ರಸತ್ಯಾಗಕ್ಕೂ ಇದೇ ವಿವೇಕ ಅನ್ವಯಿಸುತ್ತದೆ. ನರಗಳಿಗೂ ರಕ್ತಕ್ಕೂ ಬೇಕಾದ ಬಿ-12 ಜೀವಸತ್ವವು ಮಾಂಸ, ಮೊಟ್ಟೆಗಳನ್ನು ಮುಟ್ಟದವರಿಗೆ ದಿನನಿತ್ಯದ ಆಹಾರದಲ್ಲಿ ಹೆಚ್ಚಾಗಿ ದೊರೆಯುವುದು ಹಾಲು, ಮೊಸರುಗಳಿಂದಲೇ. ವರ್ಷಗಟ್ಟಲೆ ಅವೆರಡನ್ನೂ ಬಿಡುವ ವ್ರತಿಗಳು ಅದನ್ನು ಮಾತ್ರೆಯಿಂದ ಪಡೆಯಬೇಕಾದೀತು. ಕೈಕಾಲು ಜೋಮು ಹಿಡಿದು, ನೆನಪು ಮಸುಕಾದ ಮೇಲೆ ಪಡುವ ಪಶ್ಚಾತ್ತಾಪಕ್ಕಿಂತ ಮೊದಲೇ ಕೇಳುವುದು ಲೇಸು.

ಈಗ ಬಸದಿಗಳ ಟ್ರಸ್ಟುಗಳ ಮಾತು. ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ಚತುರ್ವಿಧ ದಾನ ಜೈನ ಪರಂಪರೆಯ ಹೆಗ್ಗುರುತು. ಶಾಂತಿಪುರಾಣದ ಸಾವಿರ ಪ್ರತಿ ಬರೆಯಿಸಿ ಹಂಚಿದ ಅತ್ತಿಮಬ್ಬೆ ಶಾಸ್ತ್ರದಾನಕ್ಕೆ ನಾಡಿನಲ್ಲೇ ಮಾದರಿಯಾದಳು. ಔಷಧದಾನಕ್ಕೂ ಇಲ್ಲಿ ದೊಡ್ಡ ಹಿನ್ನೆಲೆಯಿದೆ. ರಾಷ್ಟ್ರಕೂಟರ ಕಾಲದ ಉಗ್ರಾದಿತ್ಯಾಚಾರ್ಯರು ಸಂಸ್ಕೃತದಲ್ಲಿ ‘ಕಲ್ಯಾಣಕಾರಕ’ವೆಂಬ ವೈದ್ಯಗ್ರಂಥವನ್ನು ರಚಿಸಿ, ಔಷಧಕ್ಕೂ ಮಾಂಸ ಬೇಡವೆಂದು ವಾದಿಸಿ ಸ್ಥಾಪಿಸಿದರು. ಜಗದ್ದಳ ಸೋಮನಾಥ 12ನೆಯ ಶತಮಾನದಲ್ಲಿ ಪೂಜ್ಯಪಾದರ ವೈದ್ಯವನ್ನು ಕನ್ನಡಕ್ಕೆ ತಂದನು. ಅಹಿಂಸೆಯನ್ನೂ ಆರೋಗ್ಯವನ್ನೂ ಒಂದೇ ಗ್ರಂಥದಲ್ಲಿ ಬೆಸೆದ ಪರಂಪರೆಯ ವಾರಸುದಾರರು ಇಂದು ಆಹಾರದಾನದ ಹೆಸರಿನಲ್ಲಿ ಉಂಡವರಿಗೇ ಮತ್ತೆ ಉಣಿಸುತ್ತಿದ್ದಾರೆ. ಔಷಧದಾನದ ಹುಂಡಿ ಖಾಲಿಯಾಗಿ ಬಿದ್ದಿದೆ.

ಟ್ರಸ್ಟುಗಳು ಮಾಡಬೇಕಾದದ್ದು ಕಷ್ಟದ್ದೇನಲ್ಲ. ದೀರ್ಘ ಉಪವಾಸದವರ ಪಾರಣೆಯನ್ನು ಸಾಮೂಹಿಕ ಭೋಜನದಿಂದ ಬೇರ್ಪಡಿಸಿ, ಗಂಜಿ, ಬೇಳೆಕಟ್ಟುಗಳಿಂದ ನಿಧಾನವಾಗಿ ನಡೆಸುವುದು. ಸಾಮೂಹಿಕ ಭೋಜನದಲ್ಲಿ ಸಿಹಿಯನ್ನು ಒಂದಕ್ಕೆ, ಕರಿದದ್ದನ್ನು ಒಂದಕ್ಕೆ ಇಳಿಸುವುದು. ಬಲವಂತದ ಬಡಿಸುವಿಕೆಯನ್ನು ನಿಲ್ಲಿಸುವುದು. ಪ್ರಭಾವನೆಯ ಪೊಟ್ಟಣದಲ್ಲಿ ಪೇಡೆ, ಲಾಡುಗಳ ಬದಲು ಒಂದು ಪುಸ್ತಕವನ್ನೋ ಬಾದಾಮಿಯನ್ನೋ ಇಡುವುದು. ಮಕ್ಕಳ ದೀರ್ಘ ಉಪವಾಸಕ್ಕೆ ವೇದಿಕೆಯನ್ನು ಕೊಡದಿರುವುದು. ಭೋಜನದಲ್ಲಿ ಉಳಿದ ಹಣದಿಂದ ತಿಂಗಳಿಗೊಮ್ಮೆ ಬಸದಿಯ ಸಭಾಭವನದಲ್ಲಿ ರಕ್ತದೊತ್ತಡ, ಸಕ್ಕರೆಗಳ ಪರೀಕ್ಷೆಯನ್ನು ಏರ್ಪಡಿಸಿ, ಜಾತಿಮತ ಕೇಳದೆ ಬಾಗಿಲು ತೆರೆಯುವುದು. ಪ್ರವಚನಕ್ಕೆ ಬಂದ ತ್ಯಾಗಿಗಳಲ್ಲಿ, ಅನಶನದ ಮಹಿಮೆಯ ಜೊತೆಗೆ ಅವಮೌದರ್ಯದ ಮೇಲೂ ಒಂದು ದಿನ ಮಾತನಾಡಿರೆಂದು ವಿನಂತಿಸಿಕೊಳ್ಳುವುದು.

ಇದರಿಂದ ಸಂಭ್ರಮ ಕುಂದುತ್ತದೆಂದೂ, ದಾನಿಗಳು ಮುಂದೆ ಬರುವುದಿಲ್ಲವೆಂದೂ ಕಾರ್ಯದರ್ಶಿಗಳು ಅಂಜುತ್ತಾರೆ. ಹೋಳಿಗೆಗಾಗಿ ಮಾತ್ರ ದಾನ ಕೊಡುವವನಿದ್ದರೆ ಅವನು ಕೊಟ್ಟದ್ದು ಬಸದಿಗಲ್ಲ, ತನ್ನ ಹೆಸರಿಗೆ. ಅಂಥ ದಾನ ನಿಂತರೆ ಬಸದಿಗೆ ಹಾನಿಯಿಲ್ಲ. ಪತಿಯ ಕಾಲಿನ ಹುಣ್ಣು ಮಾಯದೆ ಬೆರಳು ಕಳೆದುಕೊಂಡ ಮನೆಯ ಶ್ರಾವಿಕೆಗೆ, ಮಗನ ಡಯಾಲಿಸಿಸ್ಸಿಗೆ ಜಮೀನು ಮಾರಿದ ತಂದೆಗೆ, ಆ ಸಂಭ್ರಮದ ಬೆಲೆ ಎಷ್ಟೆಂದು ಕೇಳಿ ನೋಡಬೇಕು.

ಮುಂದಿನ ಭಾದ್ರಪದದಲ್ಲಿಯೂ ಪರ್ವ ಬರುತ್ತದೆ. ಶಕ್ತಿಯುಳ್ಳವರು ಉಪವಾಸ ಮಾಡಲಿ. ಅವರಿಗೆ ವಂದನೆ ಸಲ್ಲಲಿ. ಉಳಿದ ಸಾವಿರಾರು ಮಂದಿ ಎಲೆಯ ಮುಂದೆ ಕುಳಿತಾಗ ಬಡಿಸುವ ಸೌಟಿಗೆ ಕೈ ಅಡ್ಡ ಹಿಡಿಯುವುದನ್ನು ಕಲಿಯಲಿ. ಯಾರೂ ಕಾಣದ, ಯಾರೂ ಹೊಗಳದ ಆ ಕೈಯಲ್ಲಿ ಎರಡನೆಯ ತಪಸ್ಸಿದೆ. ಅದನ್ನು ಎತ್ತಿದ ದಿನ ಶ್ರಾವಕನ ಮನೆ ಔಷಧದಂಗಡಿಯಿಂದ ಒಂದು ಹೆಜ್ಜೆ ದೂರ ಸರಿದೀತು, ಬಸದಿಗೆ ಒಂದು ಹೆಜ್ಜೆ ಹತ್ತಿರ ಬಂದೀತು.